ಅಪ್ಪನ್ನ ಚಾರ್ಜ್‌ಗೆ ಹಾಕು

ಮೊದಲೇ ಹೇಳಿಬಿಡ್ತೀವಿ, ಈ ಬರಹದಲ್ಲಿ 'ನಾವು' ಅಂದ್ರೆ ಮೂರು ಜನ. ಅಮ್ಮ, ಅಕ್ಕ, ಮತ್ತೆ ಇದನ್ನ ಟೈಪ್ ಮಾಡ್ತಿರೋ ಮೆಕ್ಯಾನಿಕಲ್ ಮೂರನೇ ಸೆಮ್‌ನ ಪ್ರಾಣಿ. ಜುಲೈ ತಿಂಗಳಿಂದ ಮೈಸೂರಿನ ನಮ್ಮ ಮನೆಯ ಊಟದ ಟೇಬಲ್ ಮೇಲೆ ಒಂದು ಲ್ಯಾಪ್‌ಟಾಪ್ ತೆರೆದೇ ಇದೆ. ಅದರಲ್ಲಿ ಒಂದು ಎಕ್ಸೆಲ್ ಶೀಟ್, ಹೆಸರು 'ವಿಯೆನ್ನಾ ಫೈನಲ್ 7'. ಯಾವತ್ತಾದರೂ ಲ್ಯಾಬ್ ರಿಪೋರ್ಟ್ ಬರೆದವರಿಗೆ ಈ ಹೆಸರು ಅರ್ಥ ಆಗುತ್ತೆ.

ವಿಷಯ ಏನಪ್ಪಾ ಅಂದ್ರೆ, ಭಾವ ಒಂದು ಪ್ರಾಜೆಕ್ಟ್ ಮೇಲೆ ವಿಯೆನ್ನಾಗೆ ಹೋಗಿ ಒಂದು ವರ್ಷ ಒಂಬತ್ತು ತಿಂಗಳಾಯ್ತು. ಹೊರಟಾಗ ಪುಟ್ಟಿಗೆ ಏಳು ತಿಂಗಳು. ಕಳೆದ ವರ್ಷ ದಸರಾಗೆ ಹತ್ತು ದಿನ ಬಂದು ಹೋದ್ರು, ಅದು ಅವಳಿಗೆ ನೆನಪಿಲ್ಲ. ದಿನಾ ರಾತ್ರಿ ಎಂಟಕ್ಕೆ ವಿಡಿಯೋ ಕಾಲ್ ಬರುತ್ತೆ. ಅಲ್ಲಿ ಆಗ ಮೂರೂವರೆ, ಭಾವನ ಟೀ ಬ್ರೇಕ್. ಹಾಗಾಗಿ ಪುಟ್ಟಿಯ ಪಾಲಿಗೆ ಅಪ್ಪ ಅಂದ್ರೆ ಅಕ್ಕನ ಫೋನ್. ಬ್ಯಾಟರಿ ಕಡಿಮೆಯಾಗಿ ಅದು ಕುಯ್ ಅಂದ್ರೆ ಓಡಿ ಬಂದು, "ಅಪ್ಪನ್ನ ಚಾರ್ಜ್‌ಗೆ ಹಾಕು" ಅಂತಾಳೆ. ಮೊದಲ ಸಲ ನಾವು ಹೊಟ್ಟೆ ಹಿಡ್ಕೊಂಡು ನಕ್ವಿ. ಎರಡನೇ ಸಲ ಅಕ್ಕ ನಗಲಿಲ್ಲ. ಆ ವಾರವೇ ಟಿಕೆಟ್ ರೇಟ್ ನೋಡೋಕೆ ಶುರು ಮಾಡಿದ್ವಿ.

ಚಳಿಗಾಲದಲ್ಲೇ ಯಾಕೆ ಅಂತ ಸಿಕ್ಕವರೆಲ್ಲ ಕೇಳಿದ್ರು. ಭಾವನ ಆಫೀಸು ಮುಚ್ಚೋದು ಕ್ರಿಸ್‌ಮಸ್ ವಾರ ಮಾತ್ರ, ದೊಡ್ಡವನ ಸ್ಕೂಲಿಗೆ ರಜೆ ಇರೋದೂ ಆಗಲೇ. ಬೇರೆ ದಾರಿ ಇರಲಿಲ್ಲ.

ಮನೆಯಲ್ಲಿ ಅರ್ಧಂಬರ್ಧ ಇಂಜಿನಿಯರ್ ಒಬ್ಬರೇ ಆದ್ದರಿಂದ ಪ್ಲಾನ್ ಮಾಡೋ ಕೆಲಸ ಎಲ್ಲಿಗೆ ಬಂತು ಅಂತ ಹೇಳಬೇಕಿಲ್ಲ. ಮೊದಲು ಕಾಗದಪತ್ರ. ಷೆಂಗೆನ್ ವೀಸಾ ಫೀ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡರ ಒಳಗಿನ ಮಕ್ಕಳಿಗೆ 45, ಆರರ ಒಳಗಿದ್ರೆ ಪುಕ್ಕಟೆ. ನಮ್ಮ ದೊಡ್ಡವನಿಗೆ ಅರ್ಜಿ ಹಾಕೋ ಹೊತ್ತಿಗೆ ಆರು ತುಂಬಿ ಮೂರು ವಾರ. ಆ ಮೂರು ವಾರದ ಬೆಲೆ 45 ಯೂರೋ ಅಂತ ಅಮ್ಮ ಇವತ್ತಿಗೂ ಹೇಳ್ತಾರೆ, ಅವನು ಬೇಕಂತಲೇ ಬೆಳೆದ ಹಾಗೆ. ಹನ್ನೆರಡರ ಒಳಗಿನವರಿಗೆ ಬೆರಳಚ್ಚು ಬೇಡ, ಆದರೆ ಫೋಟೋ ಬೇಕೇ ಬೇಕು. ಬಿಳಿ ಗೋಡೆ ಮುಂದೆ, ಬಾಯಿ ಮುಚ್ಚಿ, ಕಣ್ಣು ಬಿಟ್ಟು, ನೇರ ನೋಡೋ ಎರಡು ವರ್ಷದ ಮಗು ಯಾರ ಮನೇಲಾದ್ರೂ ಇದ್ರೆ ತಿಳಿಸಿ. ಸ್ಟುಡಿಯೋದವರು ನಲವತ್ತು ಸಲ ಕ್ಲಿಕ್ ಮಾಡಿದ್ರು.

ನಮ್ಮ ಮೊದಲ ಟೈಮ್‌ಟೇಬಲ್ ಭರ್ಜರಿಯಾಗಿತ್ತು. ಬೆಳಿಗ್ಗೆ ವಿಮಾನ ಇಳಿಯೋದು, ಹತ್ತಕ್ಕೆ ಸ್ಟೀಫನ್ಸ್‌ಡೋಮ್ ಚರ್ಚ್, ಹನ್ನೆರಡಕ್ಕೆ ಹೋಫ್‌ಬುರ್ಗ್ ಅರಮನೆ, ಎರಡಕ್ಕೆ ಪ್ರಾಟರ್‌ನಲ್ಲಿ 1897ರ ಜಾಯಿಂಟ್ ವೀಲು, ಸಂಜೆ ರಾಟ್‌ಹೌಸ್ ಮುಂದಿನ ಕ್ರಿಸ್‌ಮಸ್ ಸಂತೆ. ಬಣ್ಣ ಬಣ್ಣದ ಸೆಲ್‌ಗಳು. ಅಕ್ಕ ಪೂರ್ತಿ ಓದಿ ಒಂದೇ ಮಾತು ಕೇಳಿದ್ಲು: "ಪುಟ್ಟಿ ಮಲಗೋದು ಯಾವ ಸೆಲ್‌ನಲ್ಲೋ?"

ಆಮೇಲೆ ಲೆಕ್ಕ ಹಾಕಿದ್ವಿ. ಚಳಿಗಾಲದಲ್ಲಿ ವಿಯೆನ್ನಾ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ. ಇಲ್ಲಿ ಬೆಳಿಗ್ಗೆ ಆರಕ್ಕೆ ಏಳೋ ಮಗು ಅಲ್ಲಿ ಮಧ್ಯರಾತ್ರಿ ಒಂದೂವರೆಗೆ ಎದ್ದು ಕೂರುತ್ತೆ. ಇಲ್ಲಿ ಒಂಬತ್ತಕ್ಕೆ ನಿದ್ದೆ ಅಂದ್ರೆ ಅಲ್ಲಿ ನಾಲ್ಕೂವರೆಗೆ. ಡಿಸೆಂಬರ್ ಕೊನೆಗೆ ಅಲ್ಲಿ ಸೂರ್ಯ ಮುಳುಗೋದು ನಾಲ್ಕರ ಸುಮಾರಿಗೆ. ಅಂದ್ರೆ ಸಂತೆಯ ದೀಪಗಳು ಹತ್ತಿ ಚೆಂದ ಕಾಣೋಕೆ ಶುರುವಾಗೋ ಹೊತ್ತಿಗೆ ಸರಿಯಾಗಿ ಪುಟ್ಟಿ ಹೆಗಲ ಮೇಲೆ ಜೊಲ್ಲು ಸುರಿಸ್ತಿರ್ತಾಳೆ. ಮೊದಲ ಮೂರು ಸಂಜೆಗಳನ್ನ ಅಳಿಸಿದ್ವಿ.

ನಂತರದ ಪಾಠ ಬಟ್ಟೆಯದ್ದು. ಸ್ವೆಟರ್ ತಾನಾಗಿ ಬಿಸಿ ಕೊಡಲ್ಲ, ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಮೈಯ ಬಿಸಿಯನ್ನ ಹೊರಗೆ ಬಿಡಲ್ಲ, ಅಷ್ಟೇ. ಆದ್ದರಿಂದ ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ವಾಸಿ. ಇದು ಓದಿದ್ದು. ಓದದೇ ಇದ್ದದ್ದು ಏನಂದ್ರೆ, ಮಗುವಿನ ತೂಕಕ್ಕೆ ಹೋಲಿಸಿದ್ರೆ ಅದರ ಚರ್ಮದ ವಿಸ್ತೀರ್ಣ ನಮಗಿಂತ ಜಾಸ್ತಿ, ಹಾಗಾಗಿ ಬೇಗ ತಣ್ಣಗಾಗುತ್ತೆ. ಅದರ ಮೇಲೆ ಸ್ಟ್ರೋಲರ್‌ನಲ್ಲಿ ಕೂತ ಮಗು ಅಲ್ಲಾಡಲ್ಲ. ತಳ್ಳೋರು ಬೆವರ್ತಾ "ಅಷ್ಟೇನೂ ಚಳಿ ಇಲ್ಲ" ಅಂತಿರುವಾಗ ಒಳಗಿರೋದು ನಡುಗ್ತಿರುತ್ತೆ.

ಒಂದು ಭಾನುವಾರ ರಿಹರ್ಸಲ್ ಮಾಡಿದ್ವಿ. ಇಬ್ಬರು ಮಕ್ಕಳು, ತಲಾ ಮೂರು ಪದರ, ಟೋಪಿ, ಗ್ಲೌಸ್, ಎರಡೆರಡು ಕಾಲುಚೀಲ, ಬೂಟು. ಸ್ಟಾಪ್‌ವಾಚ್ ಪ್ರಕಾರ ಇಪ್ಪತ್ತೆರಡು ನಿಮಿಷ. ಕೊನೆಯ ಜಿಪ್ ಎಳೆದ ತಕ್ಷಣ ಪುಟ್ಟಿ ಅಂದ್ಲು, "ಸುಸ್ಸು."

ಅವತ್ತು ಶೀಟ್‌ನ ತಲೆಕೆಳಗು ಮಾಡಿದ್ವಿ. ಜಾಗಗಳ ಪಟ್ಟಿ ತೆಗೆದು ದಿನಕ್ಕೆ ಎಷ್ಟು ಸಲ ಹೊರಗೆ ಹೊರಡ್ತೀವಿ ಅಂತ ಒಂದು ಕಾಲಂ ಮಾಡಿದ್ವಿ. ಎರಡಕ್ಕಿಂತ ಜಾಸ್ತಿ ಇರಬಾರದು. ಹೋದ ಕಡೆ ಛಾವಣಿ, ಟಾಯ್ಲೆಟ್, ಬಿಸಿ ಇರಬೇಕು. ಈ ಜರಡಿಯಲ್ಲಿ ಅರಮನೆ ಉದುರಿ ಹೋಯ್ತು, ಚರ್ಚು 'ದಾರಿಯಲ್ಲಿ ಸಿಕ್ಕರೆ' ಆಯ್ತು. ಉಳಿದವುಗಳಲ್ಲಿ ನಮಗೆ ತುಂಬಾ ಇಷ್ಟ ಆಗಿದ್ದು ಹೌಸ್ ಡೆಸ್ ಮೇರೆಸ್. ಎರಡನೇ ಮಹಾಯುದ್ಧದಲ್ಲಿ ವಿಮಾನಗಳಿಗೆ ಗುಂಡು ಹಾರಿಸೋಕೆ ಕಟ್ಟಿದ ದೈತ್ಯ ಕಾಂಕ್ರೀಟ್ ಗೋಪುರ, ಈಗ ಅದರೊಳಗೆ ಅಕ್ವೇರಿಯಂ. ಶಾರ್ಕ್ ಇವೆ. ಕಾಡಿನ ಹಾಗೆ ಬೆಚ್ಚಗಿಟ್ಟ ಒಂದು ಗಾಜಿನ ಭಾಗದಲ್ಲಿ ಪುಟ್ಟ ಕೋತಿಗಳು ತಲೆ ಮೇಲೇ ಓಡಾಡ್ತವಂತೆ. ಚಾಮುಂಡಿ ಬೆಟ್ಟದಲ್ಲಿ ಬಾಳೆಹಣ್ಣು ಕಳ್ಕೊಂಡಿರೋ ದೊಡ್ಡವನು ಇದನ್ನ ಕೇಳಿ ಅಷ್ಟೇನೂ ಖುಷಿಪಡಲಿಲ್ಲ.

ಅವನ ಆಯ್ಕೆ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ. ಅಲ್ಲಿ ತಲೆ ಆಡಿಸೋ ಅಲ್ಲೋಸಾರಸ್ ಇದೆ. 1908ರಲ್ಲಿ ಸಿಕ್ಕಿದ ವಿಲ್ಲೆಂಡೋರ್ಫ್‌ನ ವೀನಸ್ ಎಂಬ ಶಿಲಾಯುಗದ ಬೊಂಬೆಯೂ ಅಲ್ಲೇ ಇರೋದು, ಎತ್ತರ ಬರೀ ಹನ್ನೊಂದು ಸೆಂಟಿಮೀಟರ್. ಹತ್ತೊಂಬತ್ತರ ಒಳಗಿನವರಿಗೆ ಪ್ರವೇಶ ಉಚಿತ. ನಮ್ಮಲ್ಲಿ ಒಬ್ಬರಿಗೆ ಸೆಪ್ಟೆಂಬರ್‌ನಲ್ಲಿ ಹತ್ತೊಂಬತ್ತು ತುಂಬಿತು. "ನೀನೂ ಬೇಕಂತಲೇ ಬೆಳೆದೆ" ಅಂದ್ರು ಅಮ್ಮ.

ಊಟದ ವಿಭಾಗ ಅಮ್ಮನದ್ದು. ಅಡುಗೆಮನೆ ಇರೋ ಬಾಡಿಗೆ ಫ್ಲಾಟ್ ಬೇಕು ಅಂತ ಹಟ ಹಿಡಿದಿದ್ದು ಅವರೇ, ಮತ್ತೆ ಅವರೇ ಸರಿ. ಅಲ್ಲಿ 24ರ ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿದ್ರೆ 25, 26 ಎರಡೂ ದಿನ ರಜೆ. ಭಾನುವಾರವೂ ಅಷ್ಟೇ, ದೊಡ್ಡ ರೈಲ್ವೆ ಸ್ಟೇಷನ್ ಒಳಗಿನ ಅಂಗಡಿಗಳೇ ಗತಿ. ಅವಲಕ್ಕಿ, ಹುರಿದ ರವೆ, ಪುಳಿಯೋಗರೆ ಗೊಜ್ಜು ತೂಕ ಹಾಕಿ ಕಟ್ಟಿದ್ವಿ. ತುಪ್ಪ ಮಾತ್ರ ಒಯ್ಯೋ ಹಾಗಿಲ್ಲ, ಹೊರಗಿಂದ ಬರೋರು ಹಾಲಿನ ಪದಾರ್ಥ ತರಬಾರದು ಅಂತ ಯುರೋಪಿಯನ್ ಯೂನಿಯನ್ ನಿಯಮ. ಅಮ್ಮ ಒಂದು ದಿನ ಮುನಿಸ್ಕೊಂಡು, ಮರುದಿನ "ಬೆಣ್ಣೆ ಅಲ್ಲೇ ಸಿಗುತ್ತಲ್ಲ, ಕಾಯಿಸ್ಕೊಂಡ್ರಾಯ್ತು" ಅಂದ್ರು. ನೀರಿನ ಚಿಂತೆ ಇಲ್ಲ. ವಿಯೆನ್ನಾದ ನಲ್ಲಿಗೆ 1873ರಿಂದ ಬೆಟ್ಟದ ಬುಗ್ಗೆಗಳ ನೀರು ಬರ್ತಿದೆ, ಹಾಗೇ ಕುಡೀಬಹುದು.

ನವೆಂಬರ್‌ನಲ್ಲಿ ಪರೀಕ್ಷೆ ಟೈಮ್‌ಟೇಬಲ್ ಬಂತು. 22ಕ್ಕೆ ಮ್ಯಾಥ್ಸ್, ಅದಾದ ಮೇಲೆ ಜನವರಿ ಮೊದಲ ವಾರದ ತನಕ ಸಾಲಾಗಿ. ವಿಮಾನ 19ಕ್ಕೆ. ನಾವು ಮೂವರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ವಿ. ಕ್ಯಾನ್ಸಲ್ ಮಾಡಿದ ಟಿಕೆಟ್‌ಗೆ ಅರ್ಧಕ್ಕಿಂತ ಕಡಿಮೆ ದುಡ್ಡು ವಾಪಸ್ ಬಂತು. ವಿಯೆನ್ನಾ ತಪ್ಪಿದ ಬೇಜಾರು ಇದೆ, ಸುಳ್ಳು ಹೇಳಲ್ಲ. ಆದರೆ ಶೀಟ್‌ನಲ್ಲಿ 'ಸ್ಟ್ರೋಲರ್ ಯಾರು', 'ಪಾಸ್‌ಪೋರ್ಟ್ ಯಾರು', 'ದೊಡ್ಡವನ ಕೈ ಯಾರು' ಅನ್ನೋ ಕಾಲಂಗಳಲ್ಲಿ ಒಂದೇ ಹೆಸರಿತ್ತು, ಅದು ಈಗ ಖಾಲಿ. ಗಲ್ಫ್‌ನಲ್ಲಿ ವಿಮಾನ ಬದಲಿಸಬೇಕು. ಅಮ್ಮನಿಗೆ ಮಂಡಿ ನೋವು. ಅಕ್ಕನಿಗೆ ಇರೋದು ಎರಡೇ ಕೈ. ದೊಡ್ಡವನನ್ನ ಸೆರಗಿಗೆ ಗಂಟು ಹಾಕ್ಕೊಳ್ತೀನಿ ಅಂದ್ರು ಅಮ್ಮ, ತಮಾಷೆಗೆ ಅಲ್ಲ. 'ಫೈನಲ್ 8'ರಲ್ಲಿ ಒಂದು ಸೂಟ್‌ಕೇಸ್ ಕಮ್ಮಿ ಮಾಡಿದ್ವಿ, ವಿಮಾನ ಬದಲಿಸೋ ಕಡೆ ಅಮ್ಮನಿಗೆ ವೀಲ್‌ಚೇರ್ ಕೇಳಿದ್ವಿ. ಒಂದು ವೀಲ್‌ಚೇರ್ ಅಂದ್ರೆ ಅದನ್ನ ತಳ್ಳೋಕೆ ದಾರಿ ಗೊತ್ತಿರೋ ಒಬ್ಬರು ಸಿಕ್ಕ ಹಾಗೆ.

ಮೊದಲ ದಿನದ ಸಾಲನ್ನ ಅಕ್ಕ ಪೂರ್ತಿ ಅಳಿಸಿ ತಾನೇ ಬರೆದಿದ್ದಾಳೆ: 'ಏರ್‌ಪೋರ್ಟ್‌ನಲ್ಲಿ ಎತ್ಕೋಬಾರದು. ಅವಳೇ ಹೋಗ್ಲಿ.' ಅದನ್ನ ಫೋನಲ್ಲಿ ಓದಿ ಹೇಳಿದಾಗ ಭಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅವಳು ಅತ್ರೆ?" ಅಂದ್ರು. ಅದಕ್ಕೆ ನಮ್ಮ ಹತ್ರ ಕಾಲಂ ಇರಲಿಲ್ಲ.

ಅವತ್ತಿಂದ ಭಾವ ದಿನಾ ಕಾಲ್‌ಗೆ ಒಂದು ಹಸಿರು ಮಫ್ಲರ್ ಸುತ್ಕೊಂಡೇ ಬರ್ತಾರೆ, ಆಫೀಸಿನ ಹೀಟರ್ ಪಕ್ಕ ಕೂತಿದ್ರೂ. 20ರ ಬೆಳಿಗ್ಗೆ ಏರ್‌ಪೋರ್ಟ್‌ಗೂ ಅದನ್ನೇ ಹಾಕ್ಕೊಂಡು ಬರ್ತಾರಂತೆ. ನಿನ್ನೆ ಪುಟ್ಟಿ ಸ್ಕ್ರೀನ್ ಮೇಲೆ ಬೆರಳಿಟ್ಟು "ಮಫ್ಲರ್" ಅಂದ್ಲು. ಅಪ್ಪ ಅನ್ನಲಿಲ್ಲ. ಅಷ್ಟರಲ್ಲಿ ಫೋನ್ ಕುಯ್ ಅಂತು. ಅಪ್ಪನ್ನ ಚಾರ್ಜ್‌ಗೆ ಹಾಕಿ ಅಕ್ಕ ಗ್ಲೌಸ್ ಲೆಕ್ಕ ಮಾಡೋಕೆ ಹೋದ್ಲು, ಇಲ್ಲಿ ಉಳಿಯೋ ನಾವು ಮ್ಯಾಥ್ಸ್ ಪುಸ್ತಕ ತೆಗೆದ್ವಿ.