ಅಬ್ಬರಕ್ಕೆ ಅಬ್ಬರವೇ ಉತ್ತರವೇ?

2017ರ ಆಗಸ್ಟ್ 29ರ ಮುಂಜಾನೆ ಉತ್ತರ ಜಪಾನಿನ ಮೊಬೈಲ್ ಫೋನುಗಳು ಒಮ್ಮೆಲೇ ಮೊಳಗಿದವು. ಉತ್ತರ ಕೊರಿಯಾ ಕ್ಷಿಪಣಿ ಹಾರಿಸಿದೆ, ಗಟ್ಟಿಯಾದ ಕಟ್ಟಡದೊಳಗೆ ಆಶ್ರಯ ಪಡೆಯಿರಿ ಎಂಬುದು ಸರ್ಕಾರದ ಎಚ್ಚರಿಕೆ. ಕ್ಷಿಪಣಿ ಹೊಕ್ಕೈಡೊ ದ್ವೀಪದ ಮೇಲೆ ಹಾದು ಪೆಸಿಫಿಕ್ ಸಾಗರಕ್ಕೆ ಬಿದ್ದಿತು. 2022ರ ಅಕ್ಟೋಬರಿನಲ್ಲಿ ಮತ್ತೊಮ್ಮೆ ಅಂಥದೇ ಎಚ್ಚರಿಕೆ ಬಂದಿತು. ಈ ನಾಡಿನಲ್ಲಿ ನೆಲೆಸಿರುವ ನಾವು ಭೂಕಂಪದ ಜೊತೆಗೆ ಇದನ್ನೂ ಮಕ್ಕಳಿಗೆ ವಿವರಿಸಬೇಕಾಗಿದೆ. ಅವರು ಹೀಗೇಕೆ ಮಾಡುತ್ತಾರೆಂದು ಮಕ್ಕಳು ಕೇಳಿದರೆ, ಎಲ್ಲರೂ ತಮ್ಮತ್ತ ನೋಡಲೆಂದು ಎನ್ನುತ್ತೇವೆ. ಹಾಗಾದರೆ ನೋಡದೇ ಇದ್ದರಾಯಿತಲ್ಲ ಎಂಬುದು ಅವರ ಮರುಮಾತು.

ಅದು ಅಷ್ಟು ಸುಲಭವಲ್ಲ. ಬೊಗಳುವ ನಾಯಿ ಕಚ್ಚುವುದಿಲ್ಲವೆಂಬ ಗಾದೆ ಇಲ್ಲಿ ನೆಮ್ಮದಿ ನೀಡದು. 2006ರಿಂದ 2017ರವರೆಗೆ ಆ ದೇಶ ಆರು ಅಣ್ವಸ್ತ್ರ ಪರೀಕ್ಷೆಗಳನ್ನು ನಡೆಸಿತು. ಒಬಾಮಾ ಆಡಳಿತವು ತಾಳ್ಮೆಯೇ ತಂತ್ರವೆಂದು ಕಾದು ನೋಡಿದ ಕಾಲದಲ್ಲಿ ಅವುಗಳಲ್ಲಿ ನಾಲ್ಕು ನಡೆದವು. 2017ರ ಆಗಸ್ಟಿನಲ್ಲಿ ಟ್ರಂಪ್ ಬೆಂಕಿಯ ಮಳೆಗರೆಯುವ ಬೆದರಿಕೆ ಹಾಕಿದರು. ತಿಂಗಳು ತುಂಬುವುದರೊಳಗೆ ಆರನೆಯ, ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ನಡೆಯಿತು. ಕಡೆಗಣನೆಯೂ ಫಲಿಸಲಿಲ್ಲ, ಗರ್ಜನೆಯೂ ಫಲಿಸಲಿಲ್ಲ.

ಅಷ್ಟಿಷ್ಟು ಫಲಿಸಿದ್ದು ಬಿಡದೆ ನಡೆಸಿದ ಮಾತುಕತೆ. 1994ರ ಒಪ್ಪಂದದಿಂದ ಯೋಂಗ್‌ಬ್ಯೋನ್ ಸ್ಥಾವರದಲ್ಲಿ ಪ್ಲುಟೋನಿಯಂ ಉತ್ಪಾದನೆ ಸುಮಾರು ಎಂಟು ವರ್ಷ ನಿಂತಿತ್ತು. ಒಪ್ಪಂದ ಮುರಿದುಬಿತ್ತು ನಿಜ. ಆದರೆ ಆ ಎಂಟು ವರ್ಷಗಳು ಸುಳ್ಳಲ್ಲ. 2002ರ ಸೆಪ್ಟೆಂಬರಿನಲ್ಲಿ ಜಪಾನಿನ ಪ್ರಧಾನಿ ಕೊಯಿಜುಮಿ ಪ್ಯೋಂಗ್‌ಯಾಂಗಿಗೆ ಹೋದಾಗ, ಜಪಾನೀಯರನ್ನು ಅಪಹರಿಸಿದ್ದನ್ನು ಆ ದೇಶ ಒಪ್ಪಿಕೊಂಡಿತು. ಮರುತಿಂಗಳು ಐವರು ತಾಯ್ನಾಡಿಗೆ ಮರಳಿದರು. 1977ರಲ್ಲಿ, ಹದಿಮೂರರ ವಯಸ್ಸಿನಲ್ಲಿ ನಿಗಾಟಾದಿಂದ ಕಾಣೆಯಾದ ಯೊಕೊಟಾ ಮೆಗುಮಿ ಮರಳಲಿಲ್ಲ. ಪ್ರತಿ ಕ್ಷಿಪಣಿಯ ಸದ್ದಿನಲ್ಲಿ ಮೊದಲು ಮರೆಯಾಗುವುದು ಇಂಥ ಹೆಸರುಗಳೇ.

ಇಂಥ ಬಿಕ್ಕಟ್ಟಿನಲ್ಲಿ ನಮಗೆ ನೆನಪಾಗುವವರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರು. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ, ಸ್ವದೇಶಕ್ಕೆ ಮರಳಲು ಒಪ್ಪದ ಸಾವಿರಾರು ಸೆರೆಯಾಳುಗಳ ಅಳಿವು ಉಳಿವನ್ನು ನಿರ್ಧರಿಸಬೇಕಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ದಕ್ಷಿಣ ಕೊರಿಯಾದ ಅಧ್ಯಕ್ಷರು ಭಾರತೀಯ ಸೈನಿಕರು ತಮ್ಮ ನೆಲ ತುಳಿಯಲೂ ಬಿಡಲಿಲ್ಲ. ಅವರನ್ನು ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಸಾಗಿಸಬೇಕಾಯಿತು. ಎರಡೂ ಬಣಗಳು ದೂರಿದವು. ತಿಮ್ಮಯ್ಯನವರು ಯಾರ ಕೂಗಿಗೂ ಕೂಗಾಗಲಿಲ್ಲ, ಸೆರೆಯಾಳುಗಳ ಮೇಲೆ ಬಲಪ್ರಯೋಗಕ್ಕೂ ಒಪ್ಪಲಿಲ್ಲ.

ಜಗತ್ತು ನಡೆದುಕೊಳ್ಳಬೇಕಾದ ರೀತಿಯೂ ಇದಕ್ಕೆ ಹತ್ತಿರವಾದುದೆಂದು ನಾವು ನಂಬುತ್ತೇವೆ. ರಕ್ಷಣೆಯಲ್ಲಿ ಸಡಿಲಿಕೆ ಬೇಡ, ಮಾತಿನ ಬಾಗಿಲು ಮುಚ್ಚುವುದೂ ಬೇಡ. ಆಳುವವರ ತಪ್ಪಿಗೆ ಅಲ್ಲಿನ ಹಸಿದ ಜನ ದಂಡ ತೆರದಿರಲಿ. ಮಕ್ಕಳಿಗೆ ನಾವು ಈಗ ಹೇಳುವುದಿಷ್ಟೇ: ನೋಡಬೇಕು, ಆದರೆ ಕ್ಷಿಪಣಿಯನ್ನಷ್ಟೇ ಅಲ್ಲ. ಅದರ ಹಿಂದೆ ನಿಂತಿರುವ ಜನರನ್ನೂ, ಮಗಳಿಗಾಗಿ ಇಂದಿಗೂ ಕಾಯುತ್ತಿರುವ ತಾಯಿಯನ್ನೂ.