ಜಾಲೀಗಿಡದ ಕೆಳಗೆ



ಹರಪನಹಳ್ಳಿಯಲ್ಲಿ ನನಗೆ ಚೊಚ್ಚಲ ಬಾಣಂತನವಾದಾಗ, ಕೂಸನ್ನು ಕಂಡು ಸ್ತೋತ್ರಮಾಡಬೇಕಾದ ನಾಲಿಗೆಯು ಮೂಕವಾಯಿತು. ನಿದ್ರೆಯಿಲ್ಲ, ಹಸಿವಿಲ್ಲ, ಕಾರಣವಿಲ್ಲದ ಕಣ್ಣೀರು. ಇದು ವಿಶ್ವಾಸದ ಕೊರತೆಯೆಂದು ನೆಂಟರೆಂದರು. ನಾನೂ ನಂಬಿ, ಎರಡು ತಿಂಗಳು ಬಾಯಿಬಿಡದೆ ಸೊರಗಿದೆನು. ಇದು ಪ್ರಸವಾನಂತರದ ಖಿನ್ನತೆಯೆಂಬ ರೋಗವೇ ಹೊರತು ಪಾಪವಲ್ಲವೆಂದು ಕಡೆಗೆ ವೈದ್ಯರೊಬ್ಬರು ತಿಳಿಸಿ, ಔಷಧದಿಂದ ಗುಣಪಡಿಸಿದರು.

ಜಾಲೀಗಿಡದ ಕೆಳಗೆ ಮರಣವನ್ನು ಬೇಡಿದ ಎಲೀಯನನ್ನು ದೇವದೂತನು ಗದರಿಸಲಿಲ್ಲ. ರೊಟ್ಟಿಯನ್ನೂ ನೀರನ್ನೂ ಕೊಟ್ಟನು. ಪ್ರವಾದಿಯು ತಿಂದು ತಿರುಗಿ ಮಲಗಿದನು. ಇಂಥ ತಾಯಂದಿರನ್ನು ಕೂಸಿನೊಡನೆಯೇ ಇರಿಸಿಕೊಂಡು ಉಪಚರಿಸುವ ವಿಭಾಗವನ್ನು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಲ್ಲಿ ತೆರೆದರು.

ಆದಕಾರಣ, ಕಳೆಗುಂದಿದ ಬಾಣಂತಿಯ ಬಳಿಗೆ ಉಪದೇಶವನ್ನು ಹೊತ್ತುಹೋಗಬೇಡಿರಿ. ಕೂಸನ್ನು ನೀವೆತ್ತಿಕೊಂಡು ಅವಳನ್ನು ಮಲಗಗೊಡಿರಿ. ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಪ್ರಾರ್ಥನೆಯು ಅದರೊಡನೆ ನಡೆಯಲಿ.