ನೀರಿಗಾಗಿ ನಿಲ್ಲುವ ರೈಲು

ಈ ಲೇಖನವನ್ನು ನಾವು ಗಂಡ ಹೆಂಡತಿ ಇಬ್ಬರೂ ಕೂಡಿ ಬರೆಯುತ್ತಿದ್ದೇವೆ. ಕಾಯಿಲೆ ಬಂದದ್ದು ನಮ್ಮಲ್ಲಿ ಹೆಂಡತಿಗೆ. ಆದರೆ ವಿಶ್ರಾಂತಿ ಎಂದರೇನೆಂದು ಕಲಿಯಬೇಕಾಗಿ ಬಂದದ್ದು ಇಬ್ಬರಿಗೂ.

ನಮ್ಮದು ತಾಳವಾಡಿ ಸೀಮೆ. ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ಮನೆಮಾತು ಕನ್ನಡ. ರಾಗಿ, ಅರಿಸಿನ, ಕೋಸು ಬೆಳೆಯುವ ಊರು. ಹೊಲ, ಹಸು, ಒಲೆ ಮೂರನ್ನೂ ಒಂದೇ ಕೈ ನೋಡಿಕೊಳ್ಳುವ ಮನೆಗಳು ಇಲ್ಲಿ ಹೆಚ್ಚು. ಹಾಗೆ ದುಡಿದ ಕೈ ಒಂದು ದಿನ ಬೆಳಿಗ್ಗೆ ಮುಷ್ಟಿ ಕಟ್ಟಲು ಒಪ್ಪಲಿಲ್ಲ. ಬೆರಳಿನ ಗೆಣ್ಣುಗಳು ಊದಿಕೊಂಡಿದ್ದವು. ಹಾಲು ಕರೆಯಲು ಕುಳಿತವಳು ಚೊಂಬನ್ನು ಹಾಗೆಯೇ ಇಟ್ಟು ಎದ್ದು ಬಂದಳು. ಎಣ್ಣೆ ತಿಕ್ಕಿದೆವು, ನೋವಿನ ಮಾತ್ರೆ ನುಂಗಿಸಿದೆವು, ಒಂದು ವರ್ಷ ಹಾಗೆಯೇ ಕಳೆಯಿತು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ತಿಳಿದದ್ದು ರುಮಟಾಯ್ಡ್ ಆರ್ಥ್ರೈಟಿಸ್ ಎಂದು. ನಮ್ಮ ದೇಹವನ್ನು ಕಾಯಬೇಕಾದ ಶಕ್ತಿಯೇ ಕೀಲುಗಳ ಒಳಪದರದ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ವಯಸ್ಸಾಗಿ ಬರುವ ಮಂಡಿನೋವಲ್ಲ. ಗಂಡಸರಿಗಿಂತ ಹೆಂಗಸರಲ್ಲೇ ಹೆಚ್ಚು.

ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಯಲ್ಲಿ ಇಡಬಹುದು ಎಂದರು ಡಾಕ್ಟರು. ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ, ಅದೂ ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯವಂತೆ. ಅದಕ್ಕಾಗಿ ಕ್ಯಾಲೆಂಡರಿನಲ್ಲಿ ಪ್ರತಿ ಬುಧವಾರಕ್ಕೂ ಕೆಂಪು ಗುರುತು ಹಾಕಿದ್ದೇವೆ. ಜೊತೆಗೆ ಫೋಲಿಕ್ ಆಸಿಡ್, ಆಗಾಗ ರಕ್ತ ಪರೀಕ್ಷೆ. ಔಷಧಿ ಹತ್ತಲು ಕೆಲವು ವಾರಗಳೇ ಬೇಕಾದವು. ಊತ ಇಳಿಯಿತು.

ನಾವು ತಪ್ಪು ಮಾಡಿದ್ದು ಅಲ್ಲಿಂದ ಮುಂದೆ. ಕೈ ಹಗುರವಾದ ದಿನ ಮೂರು ದಿನದ ಕೆಲಸವನ್ನು ಒಟ್ಟಿಗೆ ಮುಗಿಸುವುದು, ಆಮೇಲೆ ಮೂರು ದಿನ ಹಾಸಿಗೆ ಹಿಡಿಯುವುದು. "ಸುಸ್ತಾದ ಮೇಲೆ ಕೂರೋದಲ್ಲಮ್ಮಾ, ಸುಸ್ತಾಗೋದಕ್ಕೆ ಮುಂಚೆ ಕೂತ್ಕೋಬೇಕು" ಎಂದು ಡಾಕ್ಟರು ಪ್ರತಿ ಸಲವೂ ಹೇಳುತ್ತಿದ್ದರು. ತಲೆಯಾಡಿಸಿ ಬರುತ್ತಿದ್ದೆವು. ಮನೆಯಲ್ಲಿ ಎಲ್ಲರೂ ನಿಂತಿರುವಾಗ ಹೆಂಗಸು ಕೂರುವುದೆಂದರೆ ಅವಳಿಗೇ ನಾಚಿಕೆ. ಭಾನುವಾರವಾದರೂ ಬಿಡುವು ಉಂಟೇ? ಪೂಜೆ ಮುಗಿಸಿ ಬಂದೊಡನೆ ಕೋಳಿ ಸಾರು, ಬಂದ ನೆಂಟರು, ರಾಶಿ ಪಾತ್ರೆ. ವಿಶ್ರಾಂತಿಯ ದಿನ ನಮ್ಮ ಮನೆಗಳಲ್ಲಿ ಗಂಡಸರಿಗೆ ಮಾತ್ರ ಎಂಬುದನ್ನು ಗಂಡನಾದವನು ಈಗ ಒಪ್ಪಿಕೊಂಡಿದ್ದಾನೆ.

ಕಳೆದ ವರ್ಷ ಈಸ್ಟರ್ ಮುಗಿದ ಮೇಲೆ ಕೂನೂರಿನಲ್ಲಿರುವ ನಾದಿನಿ, "ಅತ್ತಿಗೆ, ಹತ್ತು ದಿನ ಬಂದು ಇದ್ದು ಹೋಗಿ" ಎಂದು ಹಟ ಹಿಡಿದಳು. ಚಳಿಗೆ ಕೀಲು ಇನ್ನಷ್ಟು ಹಿಡಿಯುತ್ತದೆ ಎಂದು ನೆಂಟರೆಲ್ಲ ಹೆದರಿಸಿದರು. ಕೈ ಬೆಚ್ಚಗಿಟ್ಟುಕೊಂಡು ಹೋಗಿ ಬನ್ನಿ ಎಂದು ಡಾಕ್ಟರು ಒಪ್ಪಿಗೆ ಕೊಟ್ಟರು. ಹಸುವನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಹೊರಟೆವು. ಹಾಸನೂರು ದಾಟಿ, ದಿಂಬಂ ಘಾಟಿಯ 27 ತಿರುವು ಇಳಿದು, ಬಣ್ಣಾರಿ, ಸತ್ಯಮಂಗಲದ ಮೇಲೆ ಮೇಟ್ಟುಪಾಳ್ಯಂ ಸೇರುವಾಗ ಸಂಜೆ. ರಾತ್ರಿ ಅಲ್ಲೇ ಉಳಿದೆವು, ಬೆಟ್ಟದ ರೈಲು ಹೊರಡುವುದು ಬೆಳಗಿನ ಹೊತ್ತು.

ಈ ರೈಲು ಕೂನೂರಿಗೆ ಬಂದದ್ದು 1899ರಲ್ಲಿ, ಮುಂದೆ ಊಟಿಯ ಕಡೆಗೆ ಹತ್ತಿದ್ದು 1908ರಲ್ಲಿ. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲಾರಿನವರೆಗೆ ಸಾಮಾನ್ಯ ರೈಲಿನಂತೆಯೇ ಹೋಗುತ್ತದೆ. ಆಮೇಲೆ ಹಳಿಗಳ ನಡುವೆ ಹಲ್ಲಿನ ಪಟ್ಟಿ ಶುರುವಾಗುತ್ತದೆ. ಎಂಜಿನ್ನಿನ ಹಲ್ಲುಚಕ್ರ ಆ ಹಲ್ಲುಗಳನ್ನು ಕಚ್ಚಿ ಹಿಡಿದು ಮೇಲೇರಬೇಕು. ಎಂಜಿನ್ ಮುಂದೆ ನಿಂತು ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ಪ್ರತಿ ಡಬ್ಬಿಯ ಮುಂದೆ ಬ್ರೇಕಿನವನೊಬ್ಬ ಬಾವುಟ ಹಿಡಿದು ನಿಂತಿರುತ್ತಾನೆ. ಸುರಂಗ ಬಂದಾಗ ಮಕ್ಕಳು ಕೂಗಿಕೊಳ್ಳುತ್ತಾರೆ, ದೊಡ್ಡವರೂ ಕೂಗುತ್ತಾರೆ. ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆಯ ಹಾದಿಗೆ ಈ ರೈಲಿಗೆ ಮೂರು ಗಂಟೆಯ ಮೇಲೆ ಬೇಕು.

ಹಿಲ್‌ಗ್ರೋವ್ ಎಂಬ ಕಾಡಿನ ನಡುವಿನ ನಿಲ್ದಾಣದಲ್ಲಿ ರೈಲು ನಿಂತಿತು. ಟೀ ಕುಡಿಯುವವರ ಕೈಯಿಂದ ಬಿಸ್ಕತ್ತು ಕಸಿಯಲು ಕೋತಿಗಳು ಕಾದಿದ್ದವು. ಎಂಜಿನ್ನಿಗೆ ದಪ್ಪ ಕೊಳವೆಯಿಂದ ನೀರು ತುಂಬಿಸುತ್ತಿದ್ದರು. ಸುಮ್ಮನೆ ನಿಲ್ಲಲಾರದ ನಮ್ಮವಳು ಅಲ್ಲಿದ್ದ ಒಬ್ಬ ನೌಕರನನ್ನು ತಮಿಳಿನಲ್ಲಿ ಕೇಳಿದಳು: "ನೀರು ಪೂರಾ ಮುಗಿದು ಹೋಗಿತ್ತಾ ಅಣ್ಣಾ?" ಅವನು ನಕ್ಕು, ಮುಗಿಯುವ ತನಕ ಕಾದರೆ ಬಾಯ್ಲರೇ ಕೆಟ್ಟುಹೋಗುತ್ತದೆ, ಇರುವಾಗಲೇ ತುಂಬಿಸಬೇಕು ಎಂದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಡಾಕ್ಟರ ಫೀಸು ಕೊಟ್ಟು ಕೇಳಿದ್ದ ಮಾತು!

ನೀಲಗಿರಿಯೇ ಒಂದು ಕಾಲಕ್ಕೆ ವಿಶ್ರಾಂತಿಗೆಂದು ಕಟ್ಟಿದ ಊರು. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1820ರ ದಶಕದಲ್ಲಿ ಊಟಿಯಲ್ಲಿ ಮನೆ ಕಟ್ಟಿದ ಮೇಲೆ, ಬಯಲಿನ ಜ್ವರದಿಂದ ಸೊರಗಿದ ಬ್ರಿಟಿಷ್ ಅಧಿಕಾರಿಗಳೂ ಸಿಪಾಯಿಗಳೂ ಸುಧಾರಿಸಿಕೊಳ್ಳಲು ಇಲ್ಲಿಗೆ ಬರುತ್ತಿದ್ದರು. ರೈಲಿಲ್ಲದ ಆ ದಿನಗಳಲ್ಲಿ ಎಷ್ಟೋ ಜನರನ್ನು ಹೊತ್ತು ತರಬೇಕಿತ್ತು. ಹೊತ್ತವರು ಎಲ್ಲಿ ಸುಧಾರಿಸಿಕೊಂಡರೋ, ಕಾಣೆವು.

ಕೂನೂರಿನಲ್ಲಿ ಮೊದಲ ಎರಡು ದಿನ ನಮ್ಮವಳು ನಾದಿನಿಯ ಅಡುಗೆಮನೆ ಬಿಟ್ಟು ಕದಲಲಿಲ್ಲ. ಮೂರನೆಯ ಬೆಳಿಗ್ಗೆ ಬೆರಳುಗಳು ಮತ್ತೆ ಊದಿದವು. ಅಳುತ್ತಾ ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತಳು. ಪಕ್ಕದ ಮನೆಯ ಬಡಗ ಅಜ್ಜಿ, ಬಿಳಿ ಬಟ್ಟೆ ಉಟ್ಟವರು, ಚಹಾ ಎಲೆ ಕಿತ್ತು ಬಂದು ಬಿಸಿಲಿಗೆ ಕುಳಿತಿದ್ದರು. ಕೈ ಎರಡೂ ಮಡಿಲಲ್ಲಿ. ಅವಲಕ್ಕಿ ಆರಿಸುವುದಿಲ್ಲ, ಬಟ್ಟೆ ಹೊಲಿಯುವುದಿಲ್ಲ, ಮಾತೂ ಇಲ್ಲ. ಬಡಗರ ಮಾತು ನಮ್ಮ ಕನ್ನಡಕ್ಕೆ ಬಹಳ ಹತ್ತಿರ, ಅರ್ಧಕ್ಕರ್ಧ ತಿಳಿಯುತ್ತದೆ. ಯಾಕೆ ಅಳುವುದೆಂದು ಕೇಳಿ, ಕೈ ಮುಟ್ಟಿ ನೋಡಿ, ಪಕ್ಕದಲ್ಲೇ ಜಾಗ ಮಾಡಿಕೊಟ್ಟರು. ಅಂದು ಅರ್ಧ ಗಂಟೆ, ಮರುದಿನ ಇನ್ನಷ್ಟು ಹೊತ್ತು. ಸಂಜೆ ಚಹಾ ತೋಟದ ನಡುವೆ ನಿಧಾನ ನಡಿಗೆ. ಇದೂ ಬೇಕೇ ಬೇಕು. ಇಡೀ ದಿನ ಮಲಗಿದರೆ ಕೀಲು ಇನ್ನೂ ಬಿಗಿಯುತ್ತದೆ. ಊತ ಹೆಚ್ಚಿದಾಗ ಕೈಗೆ ಬಿಡುವು, ಇಳಿದಾಗ ಮೆಲ್ಲಗೆ ಆಡಿಸುವುದು.

ಊರಿಗೆ ಬಂದ ಮೇಲೆ ಜಗಲಿಯಲ್ಲಿ ಒಂದು ಕುರ್ಚಿ ಹಾಕಿದ್ದೇವೆ. ಇಪ್ಪತ್ತು ನಿಮಿಷ ಕೆಲಸ, ಹತ್ತು ನಿಮಿಷ ಕುರ್ಚಿ. ಗಡಿಯಾರ ನೋಡಿಯೇ ಏಳುವುದು, ಕೂರುವುದು. ನೋಡಿದವರು ಒಂದಿಬ್ಬರು ನಕ್ಕದ್ದುಂಟು, ಮಗಳೂ ನಕ್ಕಳು. ಮುದ್ದೆ ತಿರುವಲು ಮಣಿಕಟ್ಟಿನ ಬಲ ಬೇಕು, ಹಾಗಾಗಿ ಮುದ್ದೆ ಕೋಲು ಗಂಡನ ಕೈಗೆ ಬಂದಿದೆ. ಮೊನ್ನೆ ರಾತ್ರಿ ಹಿಟ್ಟು ಗಂಟು ಕಟ್ಟಿತು. ಕೋಲಿನ ಸದ್ದಿನಲ್ಲೇ ಅದು ಗೊತ್ತಾಗಿ, "ಗಂಟಾಯ್ತಲ್ಲ?" ಎಂದು ಜಗಲಿಯಿಂದ ಕೂಗಿದಳು. ಹೌದೆಂದೆವು. ಎದ್ದು ಬರಲಿಲ್ಲ.